ಹತ್ತಿಯ ಬೆಟ್ಟದ ಅರ್ಧ ದಾರಿ

ಅವಳ ಎರಡೂ ಕಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಒಣಗಿದ ಹುಣಸೆಯ ಸಿಪ್ಪೆಯಂಥ ದಪ್ಪ ಚರ್ಮ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ, ಎತ್ತಿನ ಹೆಗಲಿನಲ್ಲಿ ನೊಗ ಕೂತು ಕೂತು ಆಗುತ್ತದಲ್ಲ, ಅಂಥದೊಂದು ಗಟ್ಟಿ ಕಪ್ಪು ಪಟ್ಟೆ. ನಮ್ಮ ಮನೆಯಲ್ಲಿ ಬಾಗಿಲ ಬಳಿಯೇ ಚಪ್ಪಲಿ ಬಿಡಬೇಕು. ಹಾಗಾಗಿ ಯಾರು ಬಂದರೂ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬೀಳುವುದು ಕಾಲು. ಇಪ್ಪತ್ತೈದು ದಾಟಿದ ಹುಡುಗಿಗೆ ಇಂಥ ಕಾಲು ಹೇಗೆ ಬಂತು? ಇವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಆಗಲೇ ಅನ್ನಿಸಿತು.

ನಾನು ಹುಟ್ಟಾ ಸಂಶಯದವಳು. ಬೆಂಡೆಕಾಯಿಯ ತುದಿ ಮುರಿದು ನೋಡದೆ ಬುಟ್ಟಿಗೆ ಹಾಕುವವಳಲ್ಲ, ಬೀಗ ಹಾಕಿದ ಬಾಗಿಲನ್ನು ಇನ್ನೊಮ್ಮೆ ಜಗ್ಗಿ ನೋಡದೆ ಕಾರು ಹತ್ತುವವಳಲ್ಲ. "ದೇವರು ಪ್ರತ್ಯಕ್ಷನಾದ್ರೂ ಮೊದಲು ಐಡಿ ತೋರಿಸಪ್ಪ ಅಂತೀಯ ನೀನು" ಎಂದು ನಮ್ಮವರು ನಗುತ್ತಾರೆ. ಪರದೇಶದಲ್ಲಿ, ರೆಸ್ಟನ್ ಎಂಬ ಊರಿನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡುತ್ತೇವೆಂದು ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದವರು ಅವರೇ. ಕೊರೋನಾ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಗುರುತಿಲ್ಲದವರು ಮನೆಯೊಳಗೆ ಉಸಿರಾಡುವುದೇ ನನಗೆ ಹೆದರಿಕೆ. ಆಗ ಷಾರ್ಲಟ್‌ನಿಂದ ಆ ಹುಡುಗಿಯ ಅಮ್ಮ ಫೋನ್ ಮಾಡಿದರು.

"ನಿಮ್ಮ ಮನೆ ಹತ್ರಾನೇ ಅವಳ ಫಿಸಿಯೋಥೆರಪಿ ಇರೋದು. ಮೊಣಕಾಲು ಆಪರೇಷನ್ ಆಗಿದೆ. ನಾನ್‌ವೆಜ್ ತಿನ್ನಲ್ಲ, ಪಾರ್ಟಿ ಗೀರ್ಟಿ ಏನೂ ಇಲ್ಲ."

"ಏನು ಕೆಲಸ ಮಾಡ್ತಾಳೆ?"

"ಸ್ಕೀ ರೇಸರ್. ಡೌನ್‌ಹಿಲ್."

"ಅದು ಆಟ ಅಲ್ವಾ? ಕೆಲಸ ಏನು ಅಂದೆ."

"ಅದೇ ಕೆಲಸ ರೀ" ಎಂದರು ಆಕೆ, ನನ್ನಂಥವರಿಗೆ ಉತ್ತರ ಕೊಟ್ಟು ಕೊಟ್ಟು ಸವೆದುಹೋದ ದನಿಯಲ್ಲಿ.

ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಹಿಮದ ಬೆಟ್ಟದ ನೆತ್ತಿಯಿಂದ, ಹೈವೇಯಲ್ಲಿ ಕಾರು ಓಡುವುದಕ್ಕಿಂತ ಜೋರಾಗಿ ಜಾರುವುದು. ಅದೂ ಒಂದು ಕೆಲಸವಂತೆ. ವಸಂತದಲ್ಲಿ, ಚೆರ್ರಿ ಹೂವು ಉದುರುತ್ತಿದ್ದಾಗ ಅವಳು ಬಂದಳು. ಮೊಣಕಾಲಿಗೆ ಲೋಹದ ಪಟ್ಟಿಯಿದ್ದ ದಪ್ಪ ಬೆಲ್ಟು, ಹಿಂದೆ ಆಳಿಗಿಂತ ಉದ್ದನೆಯ ಕಪ್ಪು ಚೀಲ. ಈ ದೇಶದಲ್ಲಿ ಉದ್ದನೆಯ ಚೀಲ ಕಂಡರೆ ಒಳಗೆ ಬಂದೂಕಿದೆಯೋ ಎಂಬ ಭಯ. ಅದನ್ನು ಬಿಚ್ಚಿ ತೋರಿಸುವ ತನಕ ನಾನು ಬಾಗಿಲಿನಿಂದ ಕದಲಲಿಲ್ಲ. ಅವಳೂ ಬೇಸರ ಪಡಲಿಲ್ಲ. "ಗುಡ್ ಆಂಟಿ, ಚೆಕ್ ಮಾಡಬೇಕು" ಎಂದಳು. ಒಳಗೆ ಬರುವಾಗ ಎಡಗಾಲಿಟ್ಟು ಬಂದಳು.

"ಬಲಗಾಲು ಮೊದಲು ಕಣಮ್ಮ."

"ನಂಗೆ ಎಡಗಾಲೇ ಲಕ್ಕಿ ಆಂಟಿ. ಎಡಗಡೆ ಬೂಟ್ ಹಾಕದೆ ಬಲಗಡೆ ಹಾಕಲ್ಲ, ಚಿಕ್ಕೋಳಿಂದ."

ಈ ಎಡ ಬಲದ ಜಗಳ ಕೊನೆಯ ತನಕ ನಮ್ಮಿಬ್ಬರಲ್ಲಿ ಮುಗಿಯಲೇ ಇಲ್ಲ.

ಬಂದ ಮೇಲೆ ಸಂಶಯಕ್ಕೆ ಬರವಿರಲಿಲ್ಲ. ಒಂದು ಮಧ್ಯಾಹ್ನ ಕೆಳಗಿನಿಂದ ಮೇಣ ಸುಟ್ಟ ವಾಸನೆ. ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಇಸ್ತ್ರಿ ಪೆಟ್ಟಿಗೆ ಹಿಡಿದು ಆ ಉದ್ದನೆಯ ಹಲಗೆಗೆ ಇಸ್ತ್ರಿ ಮಾಡುತ್ತಿದ್ದಾಳೆ! ಇನ್ನೊಂದು ದಿನ ಸ್ಟೂಲಿನ ತುದಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸುತ್ತಿದ್ದಳು. ಹಲ್ಲಿನ ಸಂದಿಯಿಂದ ಸ್‌ಸ್ ಸ್‌ಸ್ ಎಂಬ ಉಸಿರು. ನಮ್ಮ ಕಡೆ ಮಾರಮ್ಮ ಮೈಮೇಲೆ ಬಂದವರು ಹೀಗೇ ತೂಗುತ್ತಾರೆ. ಮೇಲೆ ಬಂದವಳೇ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಮೆಟ್ಟಿಲಿನ ಮೇಲಿನಿಂದಲೇ ಅವಳಿದ್ದ ದಿಕ್ಕಿಗೆ ನಿವಾಳಿಸಿ, ಬಾಣಲೆಗೆ ಸುರಿದೆ.

ಹೊಗೆಯ ಅಲಾರಂ ಮನೆ ಹಾರಿಹೋಗುವಂತೆ ಕೂಗಿತು. ಅವಳು ಕಂಬಿ ಹಿಡಿದು ಕುಂಟುತ್ತ ಅರ್ಧ ಮೆಟ್ಟಿಲು ಹತ್ತಿದವಳು ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದು ಕುಳಿತಳು. ಮುಖ ಸುಣ್ಣದಂತಾಗಿತ್ತು. ಕಿಟಕಿ ತೆಗೆದು, ಟವೆಲ್ ಬೀಸಿ ಅಲಾರಂ ನಿಲ್ಲಿಸಿದ ಮೇಲೆ ಕಣ್ಣು ಬಿಟ್ಟಳು.

"ಫೈರಾ ಆಂಟಿ?"

"ಇಲ್ಲಮ್ಮ, ಮೆಣಸಿನಕಾಯಿ."

"ಚಿಲ್ಲಿ ಯಾಕೆ ಬರ್ನ್ ಮಾಡಿದ್ರಿ?"

"ನೀನು ಮೇಣ ಯಾಕೆ ಬರ್ನ್ ಮಾಡ್ತೀಯ, ಅದನ್ನ ಮೊದಲು ಹೇಳು."

ಅವಳು ನಗತೊಡಗಿದಳು, ಕೆಮ್ಮಿಕೊಂಡೇ. ಹಲಗೆಯ ಅಡಿಗೆ ಮೇಣ ಕರಗಿಸಿ ಹಚ್ಚಿದರೇ ಹಿಮದ ಮೇಲೆ ಅದು ಓಡುವುದಂತೆ. ಸರಿ, ಒಪ್ಪಿದೆ. ಆದರೆ ಆ ಕಣ್ಣು ಮುಚ್ಚಿ ತೂಗುವುದು?

"ಅದಾ? ರನ್ ಮಾಡ್ತಿದ್ದೆ."

ರೇಸಿನ ದಿನ ಬೆಳಿಗ್ಗೆ ಎಲ್ಲರೂ ಬೆಟ್ಟದ ಬದಿಯಲ್ಲಿ ನಿಧಾನವಾಗಿ ಇಳಿದು ದಾರಿಯನ್ನು ನೋಡಿಕೊಳ್ಳುತ್ತಾರಂತೆ. ಅದಕ್ಕೆ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ನಡುವೆ ಹಾದುಹೋಗಬೇಕಾದ ಕಂಬಗಳು, ಆ ಕೆಂಪು ಗೇಟುಗಳು ಎಲ್ಲೆಲ್ಲಿವೆ, ಎಲ್ಲಿ ನೆಲ ಹಾರಿಸುತ್ತದೆ, ಎಲ್ಲಿ ಮಂಜುಗಡ್ಡೆ, ಎಲ್ಲವನ್ನೂ ಕಂಠಪಾಠ ಮಾಡಬೇಕು. ಆಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಪೂರ್ತಿ ಇಳಿಯಬೇಕು. ನನ್ನ ಕೈಗೆ ಫೋನ್ ಕೊಟ್ಟು ಸಮಯ ಹಿಡಿಯಲು ಹೇಳಿದಳು. ಚಿಕ್ಕಂದಿನಲ್ಲಿ ಕಲಿತ ಬೆಟ್ಟ ಎಂದಳು. "ಗೋ" ಎಂದಳು, ತೂಗಿದಳು, "ಸ್ಟಾಪ್" ಎಂದಳು. ನಿಜವಾಗಿ ಇಳಿದರೂ ಅಷ್ಟೇ ಹೊತ್ತಂತೆ, ಒಂದು ಸೆಕೆಂಡ್ ಆ ಕಡೆ ಈ ಕಡೆ.

ನನಗೆ ರೋಮಾಂಚನವಾಯಿತು. ಏಕೆಂದರೆ ನಾನೂ ಆ ವರ್ಷವೆಲ್ಲ ಮಾಡುತ್ತಿದ್ದುದು ಅದನ್ನೇ. ದೇವಸ್ಥಾನದ ಬಾಗಿಲು ಮುಚ್ಚಿದಾಗಿನಿಂದ ಬೆಳಿಗ್ಗೆ ಎದ್ದು ಮಾನಸ ಪೂಜೆ. ಹೂವಿಲ್ಲ, ಹಣ್ಣಿಲ್ಲ, ಕಣ್ಣು ಮುಚ್ಚಿ ಕುಳಿತು ಆವಾಹನೆಯಿಂದ ಮಂಗಳಾರತಿಯ ತನಕ ಒಂದೊಂದನ್ನೂ ಮನಸ್ಸಿನಲ್ಲೇ ಮಾಡುವುದು. ನಡುವೆ ಒಂದು ಉಪಚಾರ ಬಿಟ್ಟುಹೋದರೆ ಮತ್ತೆ ಮೊದಲಿನಿಂದ. ಹಾಗೆಂದು ಹೇಳಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. "ಸೇಮ್ ಆಂಟಿ. ಒಂದು ಗೇಟ್ ಬಿಟ್ರೆ ಔಟ್."

ಅವತ್ತು ಅವಳು ಆರಿಸಿಕೊಂಡದ್ದು ಚಿಕ್ಕಂದಿನ ಬೆಟ್ಟವನ್ನೇ ಏಕೆ ಎಂದು ಕೇಳಬೇಕೆಂದು ನನ್ನಂಥ ಸಂಶಯದವಳಿಗೂ ಹೊಳೆಯಲಿಲ್ಲ.

ಸಂಜೆ ಅವಳು ಮೇಲೆ ಬಂದು ಅಡುಗೆಮನೆಯ ಕಟ್ಟೆಯ ಬಳಿ ನಿಲ್ಲುವುದು ರೂಢಿಯಾಯಿತು. ನಾನು ಸಾರು ಕುದಿಸುತ್ತ ಕೇಳುವುದು, ಅವಳು ತನ್ನ ಮುರುಕು ಕನ್ನಡದಲ್ಲಿ ಹೇಳುವುದು. ಹುಟ್ಟಿದ್ದು ಷಾರ್ಲಟ್‌ನಲ್ಲಿ. ಅಪ್ಪ ಅಮ್ಮ ಬೆಂಗಳೂರಿನವರು, ಐಸ್‌ಕ್ರೀಂ ತಿಂದರೆ ಶೀತವಾಗುತ್ತದೆ ಎನ್ನುವ ಜಾತಿ. ಶಾಲೆಯವರು ಒಂದು ಸಲ ಬೆಟ್ಟಕ್ಕೆ ಕರೆದುಕೊಂಡು ಹೋದರಂತೆ. ಆ ಸೀಮೆಯಲ್ಲಿ ಹಿಮ ಬೀಳುವುದಕ್ಕಿಂತ ಯಂತ್ರದಿಂದ ಮಾಡುವುದೇ ಹೆಚ್ಚು. ಸುತ್ತ ಕಂದು ಬಣ್ಣದ ಕಾಡು, ನಡುವೆ ಒಂದೇ ಬಿಳಿ ಪಟ್ಟೆ. ಬೆಳಿಗ್ಗೆ ಗಾಜಿನ ಹಾಗೆ, ಮಧ್ಯಾಹ್ನ ಇಡ್ಲಿ ಹಿಟ್ಟಿನ ಹಾಗೆ. "ಅಲ್ಲಿ ಕಲಿತೋರು ಎಲ್ಲಿ ಬೇಕಾದ್ರೂ ನಿಲ್ತಾರೆ ಆಂಟಿ" ಎನ್ನುವಾಗ ಅವಳ ಎದೆ ಉಬ್ಬುತ್ತಿತ್ತು.

ಮೀಸೆ ಚಿಗುರದ ಹುಡುಗರನ್ನೆಲ್ಲ ಸೋಲಿಸಿದ ಮೇಲೆ ಉತ್ತರದ ಒಂದು ಸ್ಕೀ ಶಾಲೆಗೆ ಕಳಿಸಿದರು. ಆಮೇಲೆ ತಂಡ. ಚಳಿಗಾಲವಿಡೀ ಯುರೋಪಿನ ಬೆಟ್ಟಗಳು, ವಾರಕ್ಕೊಂದು ಹೋಟೆಲು, ಸಿಂಕಿನಲ್ಲಿ ಬಟ್ಟೆ ಒಗೆಯುವುದು. ಕಲ್ಲಿನಂಥ ಬಿಗಿ ಬೂಟು ಹಾಕಿ ಹಾಕಿಯೇ ಉಗುರು ಹೋಗಿ, ಎಲುಬಿನ ಮೇಲೆ ಆ ಕಪ್ಪು ಪಟ್ಟೆ ಬಂದದ್ದಂತೆ. ಸಂಕ್ರಾಂತಿ ಯಾವ ತಿಂಗಳು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮ ಕೊಟ್ಟ ಚಟ್ನಿಪುಡಿಯನ್ನು ಬೂಟಿನೊಳಗೆ ತುರುಕಿಕೊಂಡು ಹೋಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಳು. ತಿಂದು ತೋರಿಸಿದ ಮೇಲೇ ಬಿಟ್ಟರಂತೆ. ಹೆಸರು ಮಾಡಿದವರೆಲ್ಲ ಮೊದಲು ಇಳಿದು ದಾರಿಯನ್ನು ಕೊರೆದು ಹಾಕಿದ ಮೇಲೆ ಇವಳ ಸರದಿ. ಅಂಥ ಹಾಳಾದ ದಾರಿಯಲ್ಲೂ ಒಂದು ಸಲ ಹತ್ತರೊಳಗೆ ಬಂದಿದ್ದಳು. ಅದನ್ನು ಹೇಳುವಾಗ ಮಾತ್ರ ದನಿ ಇಳಿಸುತ್ತಿದ್ದಳು, ದೇವರ ಕೋಣೆಯಲ್ಲಿ ಮಾತಾಡುವವರ ಹಾಗೆ. ಪ್ರತಿ ವರ್ಷ ತಂಡದ ಜಾಗವನ್ನು ಹೊಸದಾಗಿ ಗಳಿಸಬೇಕು. ಆ ಜನವರಿಯಲ್ಲಿ ಬಿದ್ದಳು. ಮೊಣಕಾಲಿನ ಒಳಗಿನ ನಾರು ಹರಿಯಿತು. ಇನ್ನೊಂದು ಚಳಿಗಾಲ ತಪ್ಪಿದರೆ ಅವಳ ಜಾಗದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ನಿಂತಿರುತ್ತಾಳೆ. ಅಕ್ಟೋಬರ್ ಕೊನೆಗೆ ತಂಡ ಸೇರಲೇಬೇಕು. ಇದು ಅವಳು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ ಮಾತು.

ಅವಳಲ್ಲಿ ನಾನು ಮೆಚ್ಚಿದ್ದು ಏನೆಂದರೆ, ಸಂಶಯದಲ್ಲಿ ನನ್ನನ್ನೂ ಮೀರಿಸಿದವಳು. ಹೊಸ ಕಡೆ ಕಾಲಿಡುವ ಮೊದಲು ತುದಿಗಾಲಿನಿಂದ ನೆಲವನ್ನು ಒತ್ತಿ ನೋಡುತ್ತಿದ್ದಳು, ಅದು ಅಂಗಡಿಯ ಪಾರ್ಕಿಂಗ್ ಆಗಲಿ, ಮತ್ತೆ ಬಾಗಿಲು ತೆರೆದ ದೇವಸ್ಥಾನದ ಮೆಟ್ಟಿಲಾಗಲಿ. "ಸ್ನೋ ಸುಳ್ಳು ಹೇಳುತ್ತೆ ಆಂಟಿ. ಕಣ್ಣಿಗೆ ಸಾಫ್ಟ್ ಕಾಣುತ್ತೆ. ಅದಕ್ಕೇ ಕೇಳಿಸ್ಕೋಬೇಕು. ಕರಕರ ಅಂದ್ರೆ ಐಸು, ಗೊತ್ತಾಗುತ್ತೆ, ಓಕೆ. ಸದ್ದೇ ಬರದಿದ್ರೆ ಅಲ್ಲಿ ಡೌಟ್ ಮಾಡಬೇಕು." ನನ್ನ ಸ್ವಭಾವವನ್ನು ಕಂಡು ಮನೆಮಂದಿಯೆಲ್ಲ ನಗುತ್ತಿದ್ದರೆ ಅವಳೊಬ್ಬಳು, "ನೀವು ಇನ್‌ಸ್ಪೆಕ್ಷನ್‌ಗೆ ಬಂದ್ರೆ ಸೂಪರ್ ಆಂಟಿ" ಎಂದಳು. ಅಷ್ಟು ವಯಸ್ಸಿನ ತನಕ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಸಣ್ಣ ಮಾತು, ಆದರೆ ಅವತ್ತು ದೇವರಿಗೆ ಒಂದು ಬತ್ತಿ ಹೆಚ್ಚು ಹಚ್ಚಿದೆ.

ಆದರೆ ಅವಳು ಕಲಿಸಿದ ಪಾಠ ಅವಳ ಮೇಲೆಯೇ ತಿರುಗಿತು. ಹೇಗಿದ್ದೀಯ ಎಂದು ಕೇಳಿದರೆ ಅವಳೊಳಗಿನಿಂದ ಸದ್ದೇ ಬರುತ್ತಿರಲಿಲ್ಲ.

ಆ ಬೇಸಿಗೆ ನಮ್ಮ ಸೀಮೆಯಲ್ಲಿ ವರ್ಷಗಟ್ಟಲೆ ನೆಲದಡಿ ಮಲಗಿದ್ದ ಜೀರುಂಡೆಗಳೆಲ್ಲ ಎದ್ದು ಬಂದು ಮರದಲ್ಲಿ ಕೂತು ಕಿರುಚಿದವು. ಎಲ್ಲರಿಗೂ ಕಿರಿಕಿರಿಯೇ. ಆದರೆ ಇವಳು ಕಿಟಕಿಯ ಸಂದಿಗೆ ಟವೆಲ್ ತುರುಕಿ, ತಲೆಯ ಮೇಲೆ ದಿಂಬು ಒತ್ತಿಕೊಂಡು ಮಲಗಿರುತ್ತಿದ್ದಳು. ಕುಕ್ಕರ್ ಕೂಗಿದರೆ ಕೆಳಗೆ ಹೋಗಿಬಿಡುವಳು. ಮಂಗಳಾರತಿಯ ಗಂಟೆಗೆ ಮುಖ ಕಿವುಚುವಳು. ಅಡುಗೆಮನೆಯ ದೀಪಕ್ಕೆ ಕಪ್ಪು ಕನ್ನಡಕ. "ಉಪ್ಪು ಹಾಕಿದ್ರಾ ಆಂಟಿ?" ಎಂದು ಕೇಳಿ, ಹೌದು ಎಂದರೆ, ಸ್ವಲ್ಪ ಹೊತ್ತಿಗೆ ಮತ್ತೆ, "ಉಪ್ಪು ಹಾಕಿದ್ರಾ?"

ಕುಡಿಯುತ್ತಾಳೆ ಎಂದುಕೊಂಡೆ. ಮರುಬಳಕೆಯ ಡಬ್ಬಿಯಲ್ಲಿ ಬಾಟಲಿ ಹುಡುಕಿದೆ. ಬರೀ ಎಳನೀರಿನ ಡಬ್ಬಗಳು. ಕೇಳಿದರೆ ಒಂದೇ ಉತ್ತರ, "ಐ ಆಮ್ ಫೈನ್ ಆಂಟಿ."

"ರೀ, ಆ ಹುಡುಗಿ ಸರಿ ಇಲ್ಲ" ಎಂದೆ ನಮ್ಮವರಿಗೆ.

"ಬಾಡಿಗೆಯವರ ಮೇಲೆಲ್ಲ ಸಿಐಡಿ ಕೆಲಸ ಬೇಡ ಕಣೇ. ಫೈನ್ ಅಂತಿದಾಳಲ್ಲ."

"ಎಷ್ಟು ಬೇಗ ಅಂತಾಳೆ ನೋಡಿ. ಕೇಳಿ ಮುಗಿಸೋಕ್ ಮುಂಚೆ ಅಂತಾಳೆ."



ನವರಾತ್ರಿ ಬಂತು. ನಾನು ಮೈಸೂರಿನವಳು, ಏಳು ಸಮುದ್ರ ದಾಟಿದರೂ ಗೊಂಬೆ ಕೂರಿಸುವುದನ್ನು ಬಿಟ್ಟಿಲ್ಲ. ಮಗಳು ಪ್ರತಿ ವರ್ಷ ಗೊಂಬೆಗಳ ಪಕ್ಕದಲ್ಲಿ ಪಾರ್ಕು, ಝೂ ಏನಾದರೂ ಮಾಡುತ್ತಾಳೆ. ಆ ವರ್ಷ, "ಲೆಟ್ಸ್ ಡೂ ಅ ಸ್ಕೀ ಹಿಲ್, ಅಕ್ಕ ವಿಲ್ ಹೆಲ್ಪ್" ಎಂದಳು. ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು, ಮೇಲೆ ಹತ್ತಿ ಹಾಸಿ ಬೆಟ್ಟ ಮಾಡಿದರು. ಹಲ್ಲುಕಡ್ಡಿಗಳಿಗೆ ನೀರಿನಲ್ಲಿ ಕಲಸಿದ ಕುಂಕುಮ ಹಚ್ಚಿ ಕೆಂಪು ಗೇಟು ಮಾಡಿಕೊಟ್ಟವಳು ನಾನೇ. ಹುಡುಗಿ ಮಂಡಿಯೂರಲು ಇನ್ನೂ ಅಳುಕಿ ಒಂದು ಕಾಲು ಚಾಚಿ ಕುಳಿತು, ಮೇಲಿನಿಂದ ಕೆಳಗಿನ ತನಕ ಕಡ್ಡಿಗಳನ್ನು ನೆಟ್ಟಳು.

"ಯಾವ ಬೆಟ್ಟ ಇದು?"

"ನಾನು ಬಿದ್ದಿದ್ದು. ಪ್ರತಿ ವರ್ಷ ರೇಸ್ ಇರುತ್ತೆ ಅಲ್ಲಿ. ಈ ಸಲಾನೂ ಹೋಗ್ತೀನಿ."

ಪಟ್ಟದ ಗೊಂಬೆ ಕೂರಿಸಿ ಕಳಸ ಇಟ್ಟ ಮೇಲೆ ಹಬ್ಬ ಮುಗಿಯುವ ತನಕ ಯಾವುದನ್ನೂ ಮುಟ್ಟಿ ಕದಲಿಸಬಾರದು. ಅದು ನಮ್ಮ ಮನೆಯ ಕಟ್ಟುನಿಟ್ಟು, ಎಲ್ಲರಿಗೂ ಗೊತ್ತು. ಆದರೆ ಮಾರನೆಯ ಬೆಳಿಗ್ಗೆ ದೀಪ ಹಚ್ಚಲು ಬಂದರೆ ಬೆಟ್ಟದ ಕೆಳಗಿನ ಗೇಟುಗಳು ಬೇರೆ ಕಡೆ ಇದ್ದವು. ಚುಕ್ಕಿ ರಂಗೋಲಿ ಹಾಕಿ ಬೆಳೆದವಳು ನಾನು. ಚುಕ್ಕಿ ಒಂದು ಅಕ್ಕಿ ಕಾಳಿನಷ್ಟು ಸರಿದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಮಗಳನ್ನು ಗದರಿದೆ. "ಐ ಡಿಡ್‌ನಾಟ್ ಟಚ್ ಇಟ್, ಅಮ್ಮಾ!" ಅದರ ಮಾರನೆಯ ದಿನ ಇನ್ನೊಂದು ರೀತಿ. ಅದರ ಮಾರನೆಯ ದಿನ ಮತ್ತೊಂದು. ಮೇಲಿನರ್ಧ ಮಾತ್ರ ನೆಟ್ಟ ಹಾಗೇ ಇರುತ್ತಿತ್ತು.

ಸರಸ್ವತಿ ಪೂಜೆಯ ಬೆಳಿಗ್ಗೆ ಮಗಳು ಶಾಲೆಗೆ ಹೋದಳು, ಇವರು ಮೇಲಿನ ಕೋಣೆಯಲ್ಲಿ ಮೀಟಿಂಗಿಗೆ ಕೂತರು. ಹೂವಿನ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತೆ. ಹುಡುಗಿ ಬೆಟ್ಟದ ಮುಂದೆ ಬಗ್ಗಿ ಕಡ್ಡಿ ಕೀಳುತ್ತಿದ್ದಳು, ಇನ್ನೊಂದು ಕಡೆ ನೆಡುತ್ತಿದ್ದಳು, ಮತ್ತೆ ಕೀಳುತ್ತಿದ್ದಳು.

"ಏನೇ ಮಾಡ್ತಿದ್ದೀಯ?"

ಬೆಚ್ಚಿಬಿದ್ದಳು. "ಏನಿಲ್ಲ ಆಂಟಿ. ಒಂದು ಗೇಟ್ ಸ್ವಲ್ಪ ಆಫ್ ಇತ್ತು. ಫಿಕ್ಸ್ ಮಾಡ್ದೆ."

"ನಿನ್ನೇನೂ ಫಿಕ್ಸ್ ಮಾಡ್ದೆ. ಮೊನ್ನೇನೂ."

"ನೀವು ನೋಡಿದ್ರಾ?"

"ಈ ಮನೇಲಿ ನಾನು ನೋಡದೇ ಇರೋದು ಏನಿದೆ? ನಿಜ ಹೇಳು, ಹೇಗಿದ್ದೀಯ?"

"ಐ ಆಮ್ ಫೈನ್."

"ಕಳಸದ ಮುಂದೆ ನಿಂತಿದ್ದೀಯ."

"ಫೈನ್ ಅಂದ್ನಲ್ಲ ಆಂಟಿ! ಮೊಣಕಾಲು ಹಂಡ್ರೆಡ್ ಪರ್ಸೆಂಟ್ ಅಂತ ಡಾಕ್ಟ್ರೇ ಹೇಳಿದಾರೆ."

"ನಾನು ಮೊಣಕಾಲು ಕೇಳಲಿಲ್ಲ."

ಅವಳು ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ನಿಂತಳು. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎನ್ನುವುದೆಲ್ಲ ಬರೀ ಮಾತು. ಇವಳು ರೆಪ್ಪೆ ಮಿಟುಕಿಸಲಿಲ್ಲ. ಬುಟ್ಟಿ ಕೆಳಗಿಟ್ಟೆ. ತಾಯೀ, ಕ್ಷಮಿಸು ಎಂದು ಮನಸ್ಸಿನಲ್ಲೇ ಅಂದುಕೊಂಡು, ಜೀವಮಾನದಲ್ಲಿ ಮಾಡದ್ದನ್ನು ಮಾಡಿದೆ. ಕೂರಿಸಿದ ಗೊಂಬೆಯ ಸಾಲಿಗೆ ಕೈಹಾಕಿ, ಬೆಟ್ಟದ ಮೇಲಿನ ಕಡ್ಡಿಗಳನ್ನೆಲ್ಲ ಕಿತ್ತು ಅವಳ ಅಂಗೈಗೆ ಹಾಕಿದೆ.

"ನೆಡು. ನಿನ್ನ ಬೆಟ್ಟ ತಾನೇ? ಒಂದೇ ಸಲಕ್ಕೆ, ಮೇಲಿಂದ ಕೆಳಗೆ ನೆಡು."

ಮೊದಲು ಸಿಟ್ಟಿನಿಂದಲೇ ಬೇಗ ಬೇಗ ನೆಟ್ಟಳು. ಹಲ್ಲಿನ ಸಂದಿಯ ಸ್‌ಸ್ ಸದ್ದು ಶುರುವಾಯಿತು. ಮೊದಲ ತಿರುವು, ಹಾರುವ ದಿಬ್ಬ, ಅದರ ಕೆಳಗಿನ ಉದ್ದನೆಯ ವಾಲು. ಬೆಟ್ಟದ ನಡುವಿಗೆ ಬಂದಾಗ ಕೈ ಗಾಳಿಯಲ್ಲಿ ನಿಂತಿತು. ಸ್‌ಸ್ ಸದ್ದೂ ನಿಂತಿತು. ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಎಲ್ಲ ಕಿತ್ತು ಮತ್ತೆ ಮೊದಲಿನಿಂದ ನೆಟ್ಟಳು, ನಾನು ಬಿಟ್ಟುಹೋದ ಉಪಚಾರಕ್ಕೆ ಹಿಂದಿರುಗುವ ಹಾಗೆ. ಮತ್ತೆ ಅಲ್ಲಿಯೇ ಬಂದು ನಿಂತಳು. ಕೈಯಲ್ಲಿ ಇನ್ನೂ ಅರ್ಧ ಹಿಡಿ ಕಡ್ಡಿ ಉಳಿದಿತ್ತು. ಬೆವರಿಗೆ ಕುಂಕುಮ ಕರಗಿ ಅಂಗೈಯೆಲ್ಲ ಕೆಂಪಾಗಿತ್ತು.

"ಇಲ್ಲಿಂದ ಕೆಳಗೆ ಇಲ್ಲ ಆಂಟಿ" ಎಂದಳು ಮೆತ್ತಗೆ. "ಎಲ್ಲಾ ವೈಟ್."

ನೆಲದ ಮೇಲೆ ಕುಳಿತು ಒಂದೊಂದೇ ಹೇಳಿದಳು. ಬಿದ್ದಾಗ ಮೊಣಕಾಲಿಗಿಂತ ಮೊದಲು ತಲೆ ಅಪ್ಪಳಿಸಿತ್ತು. ಹೆಲ್ಮೆಟ್ ಒಳಗಿನಿಂದ ಸೀಳಿತ್ತು. ತಂಡದವರು ನೋಡುವ ಮೊದಲೇ ಅದನ್ನು ಹೋಟೆಲಿನ ಕಸದ ಡಬ್ಬಿಗೆ ಹಾಕಿಬಿಟ್ಟಿದ್ದಳು. ತಲೆಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಇರುತ್ತದಂತೆ. ಚೆನ್ನಾಗಿದ್ದಾಗಲೇ ಒಮ್ಮೆ ಕೂರಿಸಿ ಅಂಕ ಇಟ್ಟುಕೊಂಡಿರುತ್ತಾರೆ, ಬಿದ್ದ ಮೇಲಿನ ಅಂಕವನ್ನು ಅದರ ಜೊತೆ ಹೋಲಿಸುತ್ತಾರೆ. ಇವಳು ಆ ಮೊದಲ ಪರೀಕ್ಷೆಯನ್ನು ಬೇಕೆಂದೇ ನಿಧಾನವಾಗಿ, ತಪ್ಪು ತಪ್ಪಾಗಿ ಮಾಡಿದ್ದಳು. ಮುಂದೆ ಪೆಟ್ಟಾದರೂ ವ್ಯತ್ಯಾಸ ಕಾಣಬಾರದೆಂದು! ನನ್ನ ಸಂಶಯವೆಲ್ಲ ಇವಳ ಲೆಕ್ಕಾಚಾರದ ಮುಂದೆ ಮಕ್ಕಳಾಟ.

"ಅಮ್ಮಂಗೆ ಹೇಳ್ಬೇಡಿ ಪ್ಲೀಸ್. ಈ ಸೀಸನ್ ಹೋದ್ರೆ ನನ್ನ ಸ್ಪಾಟ್ ಹೋಗುತ್ತೆ. ಆಮೇಲೆ ನಾನು ಯಾರು ಆಂಟಿ? ನಂಗೆ ಬೇರೆ ಏನೂ ಬರಲ್ಲ."

"ಆ ಬಿಳಿ ಜಾಗಕ್ಕೆ ಅಷ್ಟು ಜೋರಲ್ಲಿ ಹೋಗಿ ಬೀಳ್ತೀಯಲ್ಲೇ. ಇನ್ನೊಂದ್ಸಲ ತಲೆಗೆ ಬಿದ್ರೆ?"

ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ನಾನು ಯಾರಿಗೂ ಹೇಳಲ್ಲ. ನೀನೇ ಹೇಳ್ತೀಯ. ಫೋನ್ ಮಾಡು ನಿನ್ನ ಕೋಚಿಗೆ."

"ಕೆಳಗೆ ಹೋಗಿ ಮಾಡ್ತೀನಿ."

"ಇಲ್ಲೇ ಮಾಡು. ಸ್ಪೀಕರ್ ಹಾಕು."

"ಆಂಟಿ, ನನ್ನ ನಂಬಲ್ವಾ?"

"ಇಲ್ಲ" ಎಂದೆ.

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು. ಆಮೇಲೆ ಕೆಂಪು ಕೈಯಿಂದಲೇ ಫೋನ್ ಮಾಡಿದಳು. ಅವಳ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೆಲ್ಮೆಟ್ ಎಂದದ್ದು ಕೇಳಿತು, ಲೈಡ್, ಸುಳ್ಳು ಹೇಳಿದೆ, ಎಂದದ್ದು ಕೇಳಿತು. ಕೊನೆಗೆ ಆ ಕಡೆಯ ಕೋಚ್ ಹೆಂಗಸು ಒಂದೇ ಮಾತು ಹೇಳಿದಳು, ವಿಮಾನದ ಟಿಕೆಟ್ ರದ್ದು ಮಾಡು ಎಂದು. ಸರಸ್ವತಿಯ ಮುಂದಿಟ್ಟ ಪುಸ್ತಕಗಳ ಪಕ್ಕದಲ್ಲಿ ಹುಡುಗಿ ಫೋನನ್ನು ಅಂಗಾತ ಇಟ್ಟಳು. ಬೆಟ್ಟವನ್ನು ಹಾಗೇ ಬಿಟ್ಟೆ, ಅರ್ಧಕ್ಕೆ.

ಹೀಗೆ ಹೇಳಿದರೆ ಅವಳು ನನ್ನನ್ನು ತಬ್ಬಿಕೊಂಡು ಧನ್ಯವಾದ ಹೇಳಿದಳು ಎಂದುಕೊಳ್ಳುತ್ತೀರಿ. ಇಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಳು. ವಿಜಯದಶಮಿಯ ದಿನ ಪಟ್ಟದ ಗೊಂಬೆಯನ್ನು ಮಲಗಿಸುವ ಹೊತ್ತಿಗೆ ಅವಳ ಅಪ್ಪ ಷಾರ್ಲಟ್‌ನಿಂದ ಕಾರು ತಂದಿದ್ದರು. ಊಟಕ್ಕೆ ಕರೆದೆ, ಬರಲಿಲ್ಲ. ಕುಂಕುಮ ಕೊಡಲು ಹೋದೆ, ಕೈ ಚಾಚಲಿಲ್ಲ. ಹೊಸ್ತಿಲು ದಾಟುವಾಗ ಎಡಗಾಲನ್ನೇ ಮೊದಲು ಇಟ್ಟಳು, ನನ್ನ ಮುಖ ನೋಡಿಕೊಂಡೇ. ಕೆಳಗೆ ಹೋಗಿ ನೋಡಿದರೆ ಕೋಣೆ ಒಪ್ಪವಾಗಿತ್ತು, ಮೇಣ ಮೆತ್ತಿದ ಆ ಇಸ್ತ್ರಿ ಪೆಟ್ಟಿಗೆಯೊಂದನ್ನು ಬಿಟ್ಟು. ಮರೆತಳೋ, ಇನ್ನು ಬೇಡವೆಂದು ಬಿಟ್ಟಳೋ, ತಿಳಿಯಲಿಲ್ಲ.

ಚಳಿಗಾಲದಲ್ಲಿ ಅವಳ ಅಮ್ಮ ಫೋನ್ ಮಾಡಿದರು. ದೊಡ್ಡ ಡಾಕ್ಟರುಗಳು ನೋಡಿದರಂತೆ. ತಲೆ ನಿಧಾನವಾಗಿ ಸರಿಹೋಗಬಹುದು, ಆದರೆ ಡೌನ್‌ಹಿಲ್ ಇನ್ನು ಜನ್ಮದಲ್ಲಿ ಬೇಡ ಎಂದರಂತೆ. "ಎಲ್ಲ ನಿಮ್ಮಿಂದ" ಎಂದು ಆಕೆ ಅತ್ತರು. ಹರಸಿದರೋ ಶಪಿಸಿದರೋ ನನಗೆ ಇವತ್ತಿಗೂ ಸಂಶಯ. ಆ ಚಳಿಗಾಲವೆಲ್ಲ ಮಾನಸ ಪೂಜೆಗೆ ಕುಳಿತರೆ ಮಂಗಳಾರತಿಯ ಹೊತ್ತಿಗೆ ಅವಳ ಕೆಂಪು ಅಂಗೈ ಕಣ್ಣ ಮುಂದೆ ಬಂದು ಪೂಜೆ ತಪ್ಪುತ್ತಿತ್ತು. ಅವಳ ಜಾಗವನ್ನು ಕಿತ್ತುಕೊಂಡವಳು ನಾನೇ ತಾನೇ? ಆದರೂ ಮತ್ತೆ ಅದೇ ಬೆಳಿಗ್ಗೆ ಬಂದರೆ ಅದೇ ಕಡ್ಡಿ ಕೀಳುತ್ತೇನೆ.

ಮುಂದಿನ ನವರಾತ್ರಿಗೆ ಪೆಟ್ಟಿಗೆ ತೆಗೆದಾಗ ಆ ಕೆಂಪು ಕಡ್ಡಿಗಳು ಸಿಕ್ಕವು. ಮಗಳು, "ನಾಟ್ ದಟ್, ಅಮ್ಮಾ" ಎಂದಳು. ನಾನೇ ಹತ್ತಿ ಹಾಸಿದೆ. ನನ್ನ ಕಣ್ಣಿನಲ್ಲಿ ಅಚ್ಚೊತ್ತಿದ್ದ ಹಾಗೆ ಮೇಲಿನಿಂದ ನಡುವಿನ ತನಕ ನೆಟ್ಟೆ, ಅಲ್ಲಿಗೆ ನಿಲ್ಲಿಸಿದೆ. ಎರಡನೆಯ ದಿನವೋ ಮೂರನೆಯ ದಿನವೋ ಫೋನ್ ಬಂತು. ವರ್ಷದ ಮೇಲೆ ಆ ದನಿ.

"ಹಿಲ್ ಹಾಕಿದ್ರಾ ಆಂಟಿ?"

"ಹಾಕ್ದೆ."

"ಪೂರ್ತಿನಾ?"

"ನೀನು ನೆಟ್ಟಷ್ಟು."

"ನಂಗೆ ಕೆಳಗಿಂದು ಇನ್ನೂ ಬಂದಿಲ್ಲ. ಬರಲ್ಲ ಅನ್ಸುತ್ತೆ" ಎಂದಳು.

ಈಗ ಅವಳು ತಾನು ಕಲಿತ ಅದೇ ಬೆಟ್ಟದಲ್ಲಿ, ಯಂತ್ರದ ಹಿಮದ ಮೇಲೆ, ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ಯಾರಾದರೂ ಬಿದ್ದೆದ್ದು ಫೈನ್ ಎಂದರೆ ಸಾಕು, ಅವತ್ತಿಗೆ ಅವರ ಸ್ಕೀ ಬಿಚ್ಚಿಸಿ ಕೂರಿಸುತ್ತಾಳಂತೆ. ಅಪ್ಪ ಅಮ್ಮಂದಿರು ಅವಳ ಮೇಲೆ ದೂರು ಹೇಳುತ್ತಾರಂತೆ, ತುಂಬಾ ಡೌಟ್ ಪಡ್ತಾಳೆ ಎಂದು. ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಅರಿಶಿನ ಕುಂಕುಮಕ್ಕೆ ಬಂದವರು ಪ್ರತಿ ವರ್ಷ ಕೇಳುತ್ತಾರೆ, "ಇದೇನ್ರೀ, ಬೆಟ್ಟ ಅರ್ಧಕ್ಕೇ ಬಿಟ್ಟಿದ್ದೀರಲ್ಲ?" "ಅಷ್ಟೇ ಅದರ ದಾರಿ" ಎನ್ನುತ್ತೇನೆ. ಅವರು ನನ್ನನ್ನು ಸಂಶಯದಿಂದ ನೋಡುತ್ತಾರೆ. ನೋಡಲಿ.

ತಿಂಗಳಿಗೊಮ್ಮೆಯಾದರೂ ನಾವಿಬ್ಬರೂ ಮಾತಾಡುತ್ತೇವೆ. ಮೊನ್ನೆ ಕೇಳಿದೆ, "ಹೇಗಿದ್ದೀಯ?"

"ಫೈನ್ ಆಂಟಿ" ಎಂದಳು ಥಟ್ಟನೆ.

ಫೋನ್ ಕಿವಿಗೆ ಒತ್ತಿಕೊಂಡು ಸುಮ್ಮನೆ ಕೂತೆ. ಆ ಕಡೆ ಮಕ್ಕಳ ಗಲಾಟೆ, ಗಾಳಿ, ಯಾರದೋ ಸ್ಕೀ ಮಂಜುಗಡ್ಡೆಯ ಮೇಲೆ ಕರಕರ ಎಂದ ಸದ್ದು. ಕೊನೆಗೆ ಒಂದು ನಿಟ್ಟುಸಿರು ಬಂತು.

"ಬೆಳಗಿಂದ ಸ್ವಲ್ಪ ತಲೆನೋವು ಆಂಟಿ. ಮನೆಗೆ ಹೋಗಿ ಮಲಗ್ತೀನಿ."

"ಹೋಗು" ಎಂದೆ. ಫೋನಿಟ್ಟು ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿದೆ. ಒಬ್ಬರಿಗೆ ತಲೆನೋವು ಎಂದು ಕೇಳಿ ದೇವರಿಗೆ ಕೈಮುಗಿದವಳು ನಾನೊಬ್ಬಳೇ ಇರಬೇಕು.